‘ಆನೆ ಕಾಣ್ತಿಲ್ಲ, ಸರೀರಿ’: ದುಬಾರೆಯಿಂದ ಒಂದು ಚರಿತ್ರೆ

ದುಬಾರೆಯಲ್ಲಿ ಕಾವೇರಿ ದಾಟಿ ಆನೆ ಶಿಬಿರಕ್ಕೆ ಹೋದವರಿಗೆ ಈ ಮಾತು ಹೊಸದಲ್ಲ. ನೀರಿನಲ್ಲಿ ಮಲಗಿದ ಆನೆಯ ಮೈಯನ್ನು ಕಾವಾಡಿ ತಿಕ್ಕುತ್ತಿರುತ್ತಾರೆ. ದಡದಲ್ಲಿ ಮೊಬೈಲು ಹಿಡಿದವರು ಕೂಗುತ್ತಾರೆ: ‘ಅಣ್ಣಾ, ಸ್ವಲ್ಪ ಆ ಕಡೆ ಸರೀರಿ, ಆನೆ ಕಾಣ್ತಾ ಇಲ್ಲ.’ ಅವರು ಸರಿಯುತ್ತಾರೆ. ಹಾಗೆ ಕೂಗಿದವರಲ್ಲಿ ನಾನೂ ಒಬ್ಬ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಫೋನಿನಲ್ಲಿರುವ ದುಬಾರೆಯ ಚಿತ್ರಗಳಲ್ಲಿ ಒಂದು ಕಡೆ ಕಾವಾಡಿಯೊಬ್ಬರ ಕೈ ಮಾತ್ರ ಇದೆ. ಆನೆಯ ಹೆಸರು ನನಗೆ ಗೊತ್ತು, ಕೈ ಯಾರದೆಂದು ಗೊತ್ತಿಲ್ಲ.

ಸಾಮಾಜಿಕ ಜಾಲತಾಣಗಳು ಟಿವಿಯನ್ನು, ಭಾಷೆಯನ್ನು, ಸಾರ್ವಜನಿಕ ಸಮಾರಂಭಗಳನ್ನು ಬದಲಿಸಿಬಿಟ್ಟಿವೆ ಎಂದು ಪಟ್ಟಣದ ವಿಚಾರ ಸಂಕಿರಣಗಳಲ್ಲಿ ನಾವು ಮಾತಾಡುತ್ತೇವೆ. ಯಾರ ಪಾಲಿಗೆ ಬದಲಿಸಿವೆ ಎಂಬ ಪ್ರಶ್ನೆಯನ್ನು ಜೇನುಕುರುಬರ ಹಾಡಿಯ ಕಡೆಯಿಂದ ಕೇಳಿದರೆ ಬೇರೆಯದೇ ಚರಿತ್ರೆ ಕಾಣಿಸುತ್ತದೆ. ಅದು ಫೇಸ್‌ಬುಕ್ಕಿನಿಂದ ಶುರುವಾಗುವುದಿಲ್ಲ.

ಮೈಸೂರು ಸೀಮೆಯಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1870ರ ದಶಕದಲ್ಲಿ ಖೆಡ್ಡಾ ನಡೆಸಿ, 1878ರಲ್ಲಿ ತನ್ನ ಬೇಟೆಯ ಅನುಭವಗಳ ಪುಸ್ತಕ ಪ್ರಕಟಿಸಿದ. ಕಾಕನಕೋಟೆಯ ಖೆಡ್ಡಾ ಆಮೇಲೆ ರಾಜರು, ವೈಸರಾಯರು ಕೂತು ನೋಡುವ ಮೋಜಾಯಿತು. ಆನೆಯ ಜಾಡು ಹಿಡಿದವರು, ಹಿಂಡನ್ನು ಅಟ್ಟಿ ತಂದವರು ಕಾಡಿನ ಕುರುಬರು. ಮಾವುತರಲ್ಲಿ ಬಹಳ ಮಂದಿ ಮುಸ್ಲಿಮರು. ಈ ಮಾವುತರ ಮಗನೊಬ್ಬ, 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಸಾಬು, ಫ್ಲಾಹರ್ಟಿಯ ಕ್ಯಾಮೆರಾಕ್ಕೆ ಸಿಕ್ಕ. 1937ರ ‘ಎಲಿಫೆಂಟ್ ಬಾಯ್’ ಚಿತ್ರ ಅವನನ್ನು ಇಂಗ್ಲೆಂಡಿಗೆ, ಅಲ್ಲಿಂದ ಹಾಲಿವುಡ್ಡಿಗೆ ಒಯ್ದಿತು. ಮಾವುತರ ಕುಲದಲ್ಲಿ ಜಗತ್ತು ಹೆಸರಿಟ್ಟು ಕರೆದದ್ದು ಆ ಒಬ್ಬನನ್ನು. ಅದೂ ಕಿಪ್ಲಿಂಗನ ಕತೆಯ ಪಾತ್ರವಾಗಿ! ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆ ಎರಡು ದಶಕಗಳಲ್ಲಿ ನಾಗರಹೊಳೆಯ ಹಾಡಿಗಳಿಂದ ಹೊರಬಿದ್ದ ಕುಟುಂಬಗಳು ಕಾಫಿ ತೋಟದ ಲೈನ್‌ಮನೆಗಳನ್ನು ಸೇರಿದವು. ಅದಕ್ಕೆ ಯಾವ ಕ್ಯಾಮೆರಾವೂ ಹೋದಂತಿಲ್ಲ.

ಇನ್ನು ದಸರೆ. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದೇ ಮೈಸೂರಿನ 1935ರ ರೇಡಿಯೋ ಕೇಂದ್ರದಲ್ಲಿ. ಜಂಬೂಸವಾರಿ ಮೊದಲು ಕಿವಿಗೆ ಬಂತು, ಆಮೇಲೆ ದೂರದರ್ಶನದಲ್ಲಿ ಕಣ್ಣಿಗೆ ಬಂತು. ಇಪ್ಪತ್ತನಾಲ್ಕು ಗಂಟೆಯ ಸುದ್ದಿ ವಾಹಿನಿಗಳು ಬಂದ ಮೇಲೆ ಒಂದು ದಿನದ ಮೆರವಣಿಗೆ ಎರಡು ತಿಂಗಳ ಧಾರಾವಾಹಿಯಾಯಿತು. ಗಜಪಯಣ ನೇರಪ್ರಸಾರ, ಅರಮನೆ ಪ್ರವೇಶ ನೇರಪ್ರಸಾರ, ಆನೆಗಳನ್ನು ವೇಬ್ರಿಡ್ಜಿನಲ್ಲಿ ತೂಗಿದರೆ ಅದೂ ಸುದ್ದಿ. ಯಾವ ಆನೆ ಎಷ್ಟು ಕಿಲೋ ಅಂತ ಮಕ್ಕಳಿಗೂ ಬಾಯಿಪಾಠ. ಮಾವುತರ ಸಂಬಳ ಎಷ್ಟು, ಕೆಲಸ ಕಾಯಮ್ಮೋ ಅಲ್ಲವೋ ಎಂಬುದು ಯಾರಿಗೂ ಬಾಯಿಪಾಠವಿಲ್ಲ. ಅವರು ಟಿವಿಯಲ್ಲಿ ತಪ್ಪದೆ ಕಾಣುವುದು ವರ್ಷಕ್ಕೊಮ್ಮೆ, ಸಚಿವರು ಅವರಿಗೆ ಉಪಾಹಾರ ಬಡಿಸುವಾಗ. ಅಲ್ಲಿಯೂ ಚೌಕಟ್ಟಿನ ನಡುವೆ ಇರುವುದು ಬಡಿಸುವ ಕೈ.

ಈ ಟಿವಿ ಕನ್ನಡವನ್ನು ಸ್ವಲ್ಪ ಗಮನಿಸಬೇಕು. ‘ಗಜಪಡೆ’, ‘ಕ್ಯಾಪ್ಟನ್’, ‘ಪುಂಡಾನೆ’, ‘ಕಾರ್ಯಾಚರಣೆ’. ಎಲ್ಲ ದಂಡಿನ ಮಾತು. ಪುಂಡಾನೆ ಹಿಡಿಯುವುದಕ್ಕೂ ಕಾರ್ಯಾಚರಣೆ ಅಂತಾರೆ, ಹಾಡಿಯವರ ಗುಡಿಸಲು ಕಿತ್ತು ಹಾಕುವುದಕ್ಕೂ ತೆರವು ಕಾರ್ಯಾಚರಣೆ ಅಂತಾರೆ. ಜಾಲತಾಣಗಳು ಬಂದ ಮೇಲೆ ‘ನೆಟ್ಟಿಗರು’ ಎಂಬ ಪದ ಹುಟ್ಟಿತು. ಕಣ್ಣೀರಿಟ್ಟ ನೆಟ್ಟಿಗರು, ಕಿಡಿಕಾರಿದ ನೆಟ್ಟಿಗರು. ಟಿವಿಯವರು ಮೊದಲು ವರದಿಗಾರನನ್ನು ಸ್ಥಳಕ್ಕೆ ಕಳಿಸಬೇಕಿತ್ತು, ಈಗ ಯಾರದೋ ಫೋನಿನ ತುಣುಕು ಹಾಕಿ ಮೇಲೆ ನೆಟ್ಟಿಗರ ಮಾತು ಹಚ್ಚಿದರೆ ಅರ್ಧ ಗಂಟೆ ಸರಿಯುತ್ತದೆ. ಈ ನೆಟ್ಟಿಗರೆಂಬ ಹೊಸ ಜನಾಂಗದಲ್ಲಿ ಹಾಡಿಯವರು ಇದ್ದಾರೆಯೇ? ಹಾಡಿಯ ಹುಡುಗರ ಕೈಯಲ್ಲೂ ಫೋನಿದೆ, ನಿಜ. ಆದರೆ ಅವರು ಮನೆಯಲ್ಲಿ ಆಡುವ ನುಡಿ ಫೋನಿನ ಭಾಷೆಗಳ ಪಟ್ಟಿಯಲ್ಲಿಲ್ಲ. ಜನಗಣತಿಯೂ 2011ರಲ್ಲಿ ಕುರುಬ ನುಡಿಯನ್ನು ಕನ್ನಡದ ಕೆಳಗೇ ಎಣಿಸಿತು. ಕನ್ನಡ ಕಳೆದುಹೋಗುತ್ತಿದೆ ಎಂದು ನಾವು ಮರುಗುತ್ತೇವಲ್ಲ, ಆ ಕನ್ನಡದೊಳಗೆ ಕಳೆದುಹೋಗುತ್ತಿರುವುದರ ಬಗ್ಗೆ ಅಷ್ಟು ಮರುಕ ಕಾಣೆ.

2016 ಈ ಚರಿತ್ರೆಯಲ್ಲಿ ದೊಡ್ಡ ವರ್ಷ. ಜನವರಿಯಲ್ಲಿ ರೋಹಿತ್ ವೇಮುಲನ ಕೊನೆಯ ಪತ್ರ ಫೋನಿನಿಂದ ಫೋನಿಗೆ ಹೋಯಿತು. ಜುಲೈನಲ್ಲಿ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತರನ್ನು ಹೊಡೆದವರು, ಹೊಡೆದ ಹೆಮ್ಮೆಗೆ ತಾವೇ ಅದನ್ನು ಚಿತ್ರೀಕರಿಸಿ ಹಂಚಿದರು. ಅದೇ ವಿಡಿಯೋ ಅವರಿಗೆ ತಿರುಗಿಬಿತ್ತು. ಅಕ್ಟೋಬರಿನಲ್ಲಿ ‘ಚಲೋ ಉಡುಪಿ’ ಹೊರಟಾಗ ಊನಾದ ನೆನಪು ಬೆನ್ನಿಗಿತ್ತು. ಡಿಸೆಂಬರ್ 7ರಂದು ದುಬಾರೆಗೆ ದೂರವಲ್ಲದ ಸಿದ್ದಾಪುರದ ಬಳಿಯ ದಿಡ್ಡಳ್ಳಿಯಲ್ಲಿ 577 ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. ಲೈನ್‌ಮನೆಯ ಜೀತ ಬಿಟ್ಟು ಬಂದ ಜೇನುಕುರುಬರು, ಯರವರು, ಪಣಿಯರು ಅಲ್ಲಿದ್ದರು. ಮುರಿದ ಬಿದಿರು, ಚೆಲ್ಲಿದ ಪಾತ್ರೆಗಳ ಚಿತ್ರಗಳು ಫೇಸ್‌ಬುಕ್, ವಾಟ್ಸ್‌ಆ್ಯಪುಗಳಲ್ಲಿ ಮೈಸೂರು, ಬೆಂಗಳೂರು ತಲುಪಿದವು. ವಿದ್ಯಾರ್ಥಿಗಳು ಬಸ್ಸು ಹತ್ತಿ ಬಂದರು. ಅದೇ ತಿಂಗಳು ‘ಚಲೋ ಮಡಿಕೇರಿ’ ನಡೆಯಿತು. ಕೊಡಗು ಎಂದರೆ ಮಂಜು, ಕಾಫಿ, ಹೋಂಸ್ಟೇ ಎಂದಷ್ಟೇ ತೋರಿಸುತ್ತಿದ್ದ ಟಿವಿಯವರಿಗೂ ದಿಡ್ಡಳ್ಳಿಯ ಹೆಸರು ಹೇಳದೆ ಗತ್ಯಂತರವಿರಲಿಲ್ಲ. ಜೆ.ಕೆ. ಮುತ್ತಮ್ಮನಂಥವರು ಮೈಕಿನ ಮುಂದೆ ತಾವೇ ನಿಂತು ಮಾತಾಡಿದರು. ‘ಸರೀರಿ’ ಅನ್ನಲು ಅವತ್ತು ಯಾರಿಗೂ ಧೈರ್ಯ ಬರಲಿಲ್ಲ. ಐನೂರಕ್ಕೂ ಹೆಚ್ಚು ಕುಟುಂಬಗಳಿಗೆ ಆಮೇಲೆ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಎಂದಾಯಿತು. ಹೋರಾಟಕ್ಕೆ ಸಿಕ್ಕ ಫಲವೇ ಅದು, ಅಲ್ಲಗಳೆಯಲಾರೆ. ಆದರೆ ಶೇರ್ ಮಾಡಿದ ನಾವು ಶೇರ್ ಮಾಡಿ ಮುಂದಕ್ಕೆ ಹೋದೆವು. ಮನೆ ಕಟ್ಟಿದರೇ, ನೀರು ಬಂತೇ, ಅಲ್ಲಿಂದ ಕೂಲಿಗೆ ಎಷ್ಟು ದೂರ, ಇದನ್ನೆಲ್ಲ ಕೇಳಿಸಿಕೊಳ್ಳುವ ವ್ಯವಧಾನ ಜಾಲತಾಣಕ್ಕೆ ಇರಲಿಲ್ಲ. ನಮಗಿತ್ತೇ?

ಕೇರಿಗೂ ಹಾಡಿಗೂ ಇರುವ ದೂರದ ಬಗ್ಗೆ ಇಲ್ಲೊಂದು ಮಾತು ಹೇಳಬೇಕು, ಈ ವಿಶೇಷಾಂಕದಲ್ಲಿ ಅದನ್ನು ಹೇಳದಿದ್ದರೆ ತಪ್ಪಾದೀತು. 2020ರ ಜುಲೈನಲ್ಲಿ ಜೀ ಕನ್ನಡದಲ್ಲಿ ಅಂಬೇಡ್ಕರರ ಬದುಕಿನ ‘ಮಹಾನಾಯಕ’ ಶುರುವಾಯಿತು. ಹಿಂದಿಯಿಂದ ಡಬ್ ಆದ ಧಾರಾವಾಹಿ. ಡಬ್ಬಿಂಗ್ ಬಂದರೆ ಕನ್ನಡ ಕೆಡುತ್ತದೆ ಎಂದು ದಶಕಗಟ್ಟಲೆ ವಾದಿಸಿದವರ ಭಾಷಾಪ್ರೇಮಕ್ಕೆ ಕೇರಿಯವರು ಕಿವಿಗೊಡಲಿಲ್ಲ. ಬಾಬಾಸಾಹೇಬರು ಟಿವಿಯಲ್ಲಿ ಕನ್ನಡ ಮಾತಾಡಿದ್ದೇ ಅವರಿಗೆ ಸಾಕಾಯಿತು. ವಾಟ್ಸ್‌ಆ್ಯಪ್ ಸ್ಟೇಟಸ್ಸಿನಿಂದ ಫ್ಲೆಕ್ಸಿಗೆ, ಫ್ಲೆಕ್ಸಿನಿಂದ ಊರಬಾಗಿಲಿಗೆ ಮಹಾನಾಯಕ ಬಂದರು. ಕೆಲವೆಡೆ ಫ್ಲೆಕ್ಸ್ ಹರಿದರು, ಜಗಳವಾಯಿತು. ನೋಡುಗನೇ ಟಿವಿಯನ್ನು ಬೀದಿಗೆ ತಂದು ನಿಲ್ಲಿಸಿದ ಘಟನೆ ಅದು. 1920ರಲ್ಲಿ ‘ಮೂಕನಾಯಕ’ ಪತ್ರಿಕೆ ಮಾಡಬೇಕಾಗಿ ಬಂದ ಕಾರಣವನ್ನು ನೆನೆದರೆ ಇದೇನು ಸಣ್ಣದಲ್ಲ. ಹಾಡಿಗೆ ಅಂಥದ್ದೊಂದು ಬಂತೇ? ಪಕ್ಕದ ಮುದುಮಲೆಯ ಕಾಟ್ಟುನಾಯಕ ದಂಪತಿಯ ‘ದಿ ಎಲಿಫೆಂಟ್ ವಿಸ್ಪರರ್ಸ್’ಗೆ 2023ರಲ್ಲಿ ಆಸ್ಕರ್ ಬಂತು. ಮತ್ತೆ ಆನೆಯ ಮೂಲಕವೇ ಅವರು ಕಾಣಿಸಬೇಕಾಯಿತು. ದಲಿತ ವಿಮರ್ಶೆ ಎನ್ನುವ ನಾವೂ ಕೇರಿಯ ಕಡೆಗಿನ ಕಣ್ಣನ್ನು ಹಾಡಿಯ ಕಡೆಗೆ ತಿರುಗಿಸಿದ್ದು ಕಡಿಮೆ.

2023ರ ಡಿಸೆಂಬರ್ 4ರಂದು, ಎಂಟು ಬಾರಿ ಅಂಬಾರಿ ಹೊತ್ತ ಬಳ್ಳೆ ಶಿಬಿರದ ಅರ್ಜುನ ಸಕಲೇಶಪುರದ ಯಸಳೂರಿನಲ್ಲಿ ಕಾಡಾನೆಯೊಂದಿಗೆ ಸೆಣಸಿ ಸತ್ತ. ಅವನ ಮಾವುತರು ಹೆಣದ ಮೇಲೆ ಬಿದ್ದು ಅತ್ತದ್ದನ್ನು ನಾಡೇ ನೋಡಿತು. ಮರುದಿನದಿಂದ ಜಾಲತಾಣದಲ್ಲಿ ಸ್ಮಾರಕದ ಕೂಗು. ಸರ್ಕಾರ ಒಪ್ಪಿತು. ಅರ್ಜುನನಿಗೆ ಸ್ಮಾರಕ ಬೇಡವೆನ್ನುವ ಮನುಷ್ಯ ನಾನಲ್ಲ. ಆದರೆ ಆ ಅಳುವಿನಲ್ಲಿ ನಾವು ನೋಡಿದ್ದು ಆನೆಯ ಸಾವನ್ನು ಮಾತ್ರ. ಅಂಥ ಕಾರ್ಯಾಚರಣೆಗೆ ಮನುಷ್ಯರನ್ನು ಯಾವ ರಕ್ಷಣೆ ಕೊಟ್ಟು ಕಳಿಸುತ್ತಾರೆ ಎಂಬ ಚರ್ಚೆ ವೈರಲ್ ಆಗಲಿಲ್ಲ. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ದುಬಾರೆಯ ಧನಂಜಯ, ಕಂಜನ್ ಎಂಬ ಆನೆಗಳು ಮೈಸೂರು ಅರಮನೆಯೊಳಗೆ ಜಗಳ ತೆಗೆದು ಬೀದಿಗೆ ಓಡಿದವು. ಆ ವಿಡಿಯೋ ಹೇಗೆ ಹರಿದಾಡಿತೆಂದರೆ ಆನೆಗಳನ್ನು ಸಮಾಧಾನ ಮಾಡಿ ಒಳಗೆ ತಂದವರು ಯಾರೆಂದು ಕೇಳುವ ಮೊದಲೇ ಮುಂದಿನ ವಿಡಿಯೋ ಬಂದಿತ್ತು. 2025ರಲ್ಲಿ ಅರಮನೆಯಲ್ಲಿ ದಸರಾ ಆನೆಗಳ ಹತ್ತಿರ ಸೆಲ್ಫಿ, ರೀಲ್ಸ್ ಮಾಡಬಾರದೆಂದು ಅರಣ್ಯ ಇಲಾಖೆಯೇ ಹೇಳಬೇಕಾಯಿತು.

ಅದೇ 2025ರ ಮೇ 5ರಂದು 52 ಜೇನುಕುರುಬ ಕುಟುಂಬಗಳು ನಾಗರಹೊಳೆ ಕಾಡಿನೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ, ತಮ್ಮ ಹಿರಿಯರ ಜಾಗಕ್ಕೆ, ವಾಪಸ್ ನಡೆದವು. 2006ರ ಅರಣ್ಯ ಹಕ್ಕು ಕಾಯ್ದೆ ನಮಗೆ ಈ ಹಕ್ಕು ಕೊಟ್ಟಿದೆ ಎಂಬುದು ಅವರ ಮಾತು. ಆ ಚಿತ್ರಗಳೂ ನಮ್ಮ ಫೋನಿಗೆ ಬಂದವು. ಅವುಗಳಲ್ಲಿ ಆನೆಯಿರಲಿಲ್ಲ. ಮೂರು ತಿಂಗಳ ಮೇಲೆ ಅದೇ ಕಾಡಿನ ಇನ್ನೊಂದು ಬಾಗಿಲಾದ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಪೂಜೆಯಾಯಿತು. ಆನೆಗಳಿಗೆ ಹೂವು ಎರಚಿದರು, ನೇರಪ್ರಸಾರವಿತ್ತು.