ಸರ್ವರ್ ಡೌನ್ ಐತ್ರಿ: ಗುಲ್ಬರ್ಗದ ಪಹಣಿ ಯಂತ್ರದೊಳಗೆ ಹೋದ ಕಥೆ

"ಸರ್ವರ್ ಡೌನ್ ಐತ್ರಿ, ನಾಳಿ ಬರ್ರಿ." ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು ಯಾರಾದ್ರೂ ಕೇಳ್ತಾ ಇದ್ರೆ ಈ ಮಾತು ನಿಮಗೆ ಬಾಯಿಪಾಠ ಆಗಿರತ್ತೆ. ಮುಂಗಾರು ಶುರು ಆಗೋ ಹೊತ್ತು, ತೊಗರಿ ಬಿತ್ತನೆ ಟೈಮು, ಬೆಳೆಸಾಲಕ್ಕೆ ಪಹಣಿ ಬೇಕು. ಪಹಣಿ ಇರೋದು ಕಂಪ್ಯೂಟರ್‌ನಲ್ಲಿ. ಕಂಪ್ಯೂಟರ್ ಮಲಗಿದ್ರೆ ರೈತ ವಾಪಸ್ ಊರಿಗೆ. ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಯ್ತು. ಹಾಗಾದ್ರೆ ಈ "ಸರ್ವರ್" ಅನ್ನೋದು ಯಾವ ಯಂತ್ರ? ಅದು ಎಲ್ಲಿದೆ, ಅಲ್ಲಿಗೆ ಹೇಗೆ ಹೋಯ್ತು? ನಂಬಿಕಸ್ತ ಸರ್ವರ್ ಅಂದ್ರೆ ಏನು? ಇವತ್ತಿನ ಸಂಚಿಕೆ ಇದರ ಬಗ್ಗೆ.

ಮೊದಲು ಕಾಗದದ ಕಾಲಕ್ಕೆ ಹೋಗೋಣ. ನಮ್ಮ ಭಾಗ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಳೇ ಭೂದಾಖಲೆಗಳು ಉರ್ದುವಿನಲ್ಲಿ, ಆಮೇಲಿನವು ಕನ್ನಡದಲ್ಲಿ. ಭೂಮಿ ಯೋಜನೆ ಬರೋ ಹೊತ್ತಿಗೆ ಇಡೀ ಕರ್ನಾಟಕದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರು ಈ ಪಹಣಿ ಪುಸ್ತಕಗಳನ್ನ ಇಟ್ಕೊಂಡಿದ್ರು. ಒಬ್ಬೊಬ್ಬರಿಗೆ 3-4 ಹಳ್ಳಿ. ಪುಸ್ತಕ ಅವರ ಹತ್ರ, ಅವರು ಸಿಕ್ಕಾಗ ಪಹಣಿ ಸಿಗ್ತಿತ್ತು. ಸಿಗೋಕೆ ಏನು ಕೊಡಬೇಕಿತ್ತು ಅಂತ ನಿಮ್ಮ ಅಜ್ಜನ್ನ ಕೇಳಿ, ನಾನು ಹೇಳೋದು ಬೇಡ.

ಈಗ ಕಥೆಯ ಮುಖ್ಯ ಭಾಗ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕರ್ನಾಟಕದಲ್ಲಿ ಭೂದಾಖಲೆ ಗಣಕೀಕರಣದ ಮೊದಲ ಪ್ರಯೋಗ ಬೆಂಗಳೂರಿನಲ್ಲಿ ನಡೆದದ್ದಲ್ಲ, ಮೈಸೂರಿನಲ್ಲೂ ಅಲ್ಲ. 1991ರಲ್ಲಿ, ಪೂರ್ತಿ ಕೇಂದ್ರ ಸರ್ಕಾರದ ದುಡ್ಡಿನಲ್ಲಿ, ನಮ್ಮ ಗುಲ್ಬರ್ಗ ಜಿಲ್ಲೆಯಲ್ಲಿ ನಡೆಯಿತು. ಆಗ ಯಾದಗಿರಿ ಬೇರೆ ಜಿಲ್ಲೆ ಆಗಿರಲಿಲ್ಲ, ಸುರಪುರ, ಶಹಾಪುರ ಎಲ್ಲಾ ಇದರೊಳಗೇ ಇದ್ವು. 1996ರ ಹೊತ್ತಿಗೆ ರಾಜ್ಯದ ಎಲ್ಲಾ ಜಿಲ್ಲೆಗಳಿಗೂ ಇಂಥ ಯೋಜನೆ ಮಂಜೂರಾಗಿತ್ತು.

ಆದರೆ ಅದು ಓಡಲಿಲ್ಲ. ಯಂತ್ರ ಕೆಟ್ಟದ್ದಿತ್ತು ಅಂತ ಅಲ್ಲ. ಜಮೀನು ಮಾರಾಟ ಆದ್ರೆ, ಅಪ್ಪ ತೀರಿಕೊಂಡು ಮಕ್ಕಳ ಹೆಸರಿಗೆ ಬಂದ್ರೆ, ಆ ಬದಲಾವಣೆ ದಾಖಲಾಗೋದು ತಾಲೂಕು ಮಟ್ಟದಲ್ಲಿ. ಆ ಯೋಜನೆಯಲ್ಲಿ ತಾಲೂಕಿಗೆ ಕಂಪ್ಯೂಟರ್ ಕೊಡೋ ಏರ್ಪಾಡೇ ಇರಲಿಲ್ಲ. ನಾನು ಬಿ.ಕಾಂ. ಓದಿದವನು, ನನಗೆ ಇದು ಹೀಗೆ ಅರ್ಥ ಆಗೋದು: ರೋಜ್‌ಮೇಳ ಆಳಂದದಲ್ಲಿ, ಖಾತೆಪುಸ್ತಕ ಗುಲ್ಬರ್ಗದಲ್ಲಿ, ಎರಡರ ಮಧ್ಯೆ ಪೋಸ್ಟಿಂಗ್ ಮಾಡೋರೇ ಇಲ್ಲ. ಅಂಥ ಖಾತೆಪುಸ್ತಕ ಚಿನ್ನದ ರಟ್ಟಿನದ್ದಾದ್ರೂ ಏನು ಪ್ರಯೋಜನ? ನೀವು ಎಷ್ಟೇ ಒಳ್ಳೆ ಹಾರ್ಡ್‌ವೇರ್ ತಗೊಳ್ಳಿ, ದಾಖಲೆ ಬದಲಾಗೋ ಜಾಗಕ್ಕೆ ಅದರ ಸಂಪರ್ಕ ಇಲ್ಲ ಅಂದ್ರೆ ಮೊದಲ ದಿನದ ಮಾಹಿತಿಯೇ ಹಳಸೋಕೆ ಶುರು.

ಇಲ್ಲಿ ಸ್ವಲ್ಪ ಹೊರಗಿನ ಜಗತ್ತಿಗೆ ಹೋಗಿ ಬರೋಣ. "ಎಂಟರ್‌ಪ್ರೈಸ್ ಗ್ರೇಡ್" ಅಂತ ಕಂಪನಿಗಳು ಬ್ರೋಷರ್‌ನಲ್ಲಿ ಹಾಕ್ತಾರಲ್ಲ, ಆ ಪದದ ಹಿಂದೆ ನಿಜವಾದ ಚರಿತ್ರೆ ಇದೆ. 1940ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರಿಚರ್ಡ್ ಹ್ಯಾಮಿಂಗ್ ಅನ್ನೋ ಗಣಿತಜ್ಞರಿದ್ರು. ವಾರಾಂತ್ಯದಲ್ಲಿ ಲೆಕ್ಕ ಮಾಡೋಕೆ ಯಂತ್ರಕ್ಕೆ ಹಾಕಿ ಹೋಗೋರು, ಸೋಮವಾರ ಬಂದು ನೋಡಿದ್ರೆ ಯಾವುದೋ ಸಣ್ಣ ತಪ್ಪು ಕಂಡು ಯಂತ್ರ ಕೆಲಸ ಬಿಟ್ಟಿರೋದು. ತಪ್ಪಾಗಿದೆ ಅಂತ ಯಂತ್ರಕ್ಕೆ ಗೊತ್ತಾಗತ್ತೆ ಅಂದ್ರೆ, ಎಲ್ಲಿ ತಪ್ಪಾಗಿದೆ ಅಂತ ಕಂಡುಹಿಡಿದು ತಾನೇ ಯಾಕೆ ಸರಿಮಾಡಬಾರದು? ಈ ಪ್ರಶ್ನೆಗೆ ಅವರು 1950ರಲ್ಲಿ ಉತ್ತರ ಪ್ರಕಟಿಸಿದರು. ಇವತ್ತು ಸರ್ವರ್‌ಗಳಲ್ಲಿ ಇರೋ ಇಸಿಸಿ ಮೆಮೊರಿ ಅದೇ ವಂಶದ್ದು. ಪ್ರತಿ 64 ಬಿಟ್‌ಗೆ 8 ಬಿಟ್ ಹೆಚ್ಚುವರಿ ಇಟ್ಟು, ಒಂದು ಬಿಟ್ ತಿರುಗಿಬಿದ್ರೆ ತಾನೇ ನೆಟ್ಟಗೆ ಮಾಡತ್ತೆ.

ಒಂದು ಬಿಟ್ ಅಂದ್ರೆ ಎಷ್ಟು ಮಹಾ ಅನ್ಸಬಹುದು. ಒಂದು ಉದಾಹರಣೆ ತಗೊಳ್ಳಿ. ಕಂಪ್ಯೂಟರ್ ಒಳಗೆ "2" ಅನ್ನೋ ಅಕ್ಷರ 0110010, "3" ಅನ್ನೋದು 0110011. ಕೊನೇ ಬಿಟ್ ಒಂದೇ ವ್ಯತ್ಯಾಸ. ಮೆಮೊರಿಯಲ್ಲಿ ಆ ಒಂದು ಬಿಟ್ ಮಗುಚಿ, ಹಾಗೇ ಡಿಸ್ಕಿಗೆ ಬರೆದುಹೋಯ್ತು ಅಂದ್ಕೊಳ್ಳಿ, ಸರ್ವೆ ನಂಬರ್‌ನ ಹಿಸ್ಸಾ 2 ಇದ್ದದ್ದು ಹಿಸ್ಸಾ 3 ಆಯ್ತು. ಅಣ್ಣನ ಹೊಲ ತಮ್ಮನದು! ಯಂತ್ರ ಕೆಟ್ಟು ನಿಂತ್ರೆ ನಮಗೆ ಗೊತ್ತಾಗತ್ತೆ, ರಿಪೇರಿ ಮಾಡಿಸ್ತೀವಿ. ಕೆಡದೇ ಸುಳ್ಳು ಹೇಳಿದ್ರೆ ಯಾರಿಗೆ ಗೊತ್ತಾಗಬೇಕು? ನನ್ನ ಪ್ರಕಾರ ಸರ್ವರ್ ಹಾರ್ಡ್‌ವೇರ್‌ಗೆ ಹೆಚ್ಚು ದುಡ್ಡು ಕೊಡೋದಕ್ಕೆ ಮೊದಲ ಕಾರಣ ಇದೇ, ಸ್ಪೀಡ್ ಅಲ್ಲ. ಇದೇನು ಲಕ್ಷಕ್ಕೊಂದು ಆಗೋ ವಿಷಯಾನೂ ಅಲ್ಲ. 2009ರಲ್ಲಿ ಗೂಗಲ್‌ನ ಸರ್ವರ್‌ಗಳ ಮೇಲೆ ನಡೆದ ಅಧ್ಯಯನದಲ್ಲಿ, ವರ್ಷಕ್ಕೆ 8%ಕ್ಕಿಂತ ಹೆಚ್ಚು ಮೆಮೊರಿ ಮಾಡ್ಯೂಲ್‌ಗಳಲ್ಲಿ ಇಂಥ ತಪ್ಪುಗಳು ಕಂಡುಬಂದಿದ್ವು. ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ಇಸಿಸಿ ಇರೋದು ಅಪರೂಪ, ಅಲ್ಲಿ ಎಣಿಸೋರೇ ಇಲ್ಲ.

ಸರಿ, ವಾಪಸ್ ನಮ್ಮ ಜಿಲ್ಲೆಗೆ. 1991ರ ಪ್ರಯೋಗದಿಂದ ಸರ್ಕಾರ ಪಾಠ ಕಲಿಯೋಕೆ ಹತ್ತು ವರ್ಷ ಹಿಡೀತು. 2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ನೇತೃತ್ವದಲ್ಲಿ, ಎನ್‌ಐಸಿ ಬರೆದ ಸಾಫ್ಟ್‌ವೇರ್‌ನೊಂದಿಗೆ "ಭೂಮಿ" ಬಂತು. ಈ ಸಲ ಯಂತ್ರ ತಾಲೂಕಿಗೇ ಇಳೀತು. 177 ತಾಲೂಕು ಕಚೇರಿ, ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ಅಧಿಕಾರಿ ಲಾಗಿನ್ ಆಗಬೇಕಾದ್ರೆ ಬೆರಳಚ್ಚು ಕೊಡಬೇಕು, ನಾಳೆ "ನಾನು ಮಾಡಿದ್ದಲ್ಲ" ಅನ್ನೋ ಹಾಗಿಲ್ಲ. ರೈತನ ಕಡೆಗೆ ತಿರುಗಿಸಿಟ್ಟ ಇನ್ನೊಂದು ಪರದೆ. ಪಹಣಿಗೆ 15 ರೂಪಾಯಿ.

ಈಗ ನನ್ನ ಇಷ್ಟದ ವಿಷಯ, ಲೆಕ್ಕ. 2 ಕೋಟಿ ಪಹಣಿಯನ್ನ ಕಂಪ್ಯೂಟರ್‌ಗೆ ಏರಿಸೋಕೆ ಆದ ಖರ್ಚು ಸುಮಾರು 8 ಕೋಟಿ ರೂಪಾಯಿ. ಅಂದ್ರೆ ಒಂದು ಪಹಣಿಗೆ 4 ರೂಪಾಯಿ. ಒಂದೊಂದು ತಾಲೂಕು ಕೇಂದ್ರದ ಯಂತ್ರ, ಕೋಣೆ ಇತ್ಯಾದಿಗೆ ಸುಮಾರು 6.4 ಲಕ್ಷ. ಅಂದ್ರೆ ಒಟ್ಟು ಸೇರಿಸಿದ್ರೆ ಯಂತ್ರ, ಕೋಣೆಗಳ ಖರ್ಚು ಡೇಟಾ ಖರ್ಚಿಗಿಂತ ಜಾಸ್ತಿ. ಆದರೆ ಯಂತ್ರದ ಮೌಲ್ಯ ವರ್ಷ ವರ್ಷ ಇಳಿಯತ್ತೆ, ಸವಕಳಿ ಬರೆದು ಐದಾರು ವರ್ಷದಲ್ಲಿ ಗುಜರಿಗೆ ಹಾಕ್ತೀವಿ. ಪಹಣಿಗೆ ಸವಕಳಿ ಇಲ್ಲ, ಅದು ಮೊಮ್ಮಕ್ಕಳ ಕಾಲಕ್ಕೂ ಬೇಕು. ಎಷ್ಟು ಬೆಲೆಯ ಸರ್ವರ್ ಬೇಕು ಅಂತ ಕೇಳೋರು ಯಂತ್ರದ ಬೆಲೆಗಿಂತ ಮೊದಲು ಈ ಎರಡನೇ ಸಾಲನ್ನ ನೋಡಬೇಕು.

ಇನ್ನೊಂದು ದೊಡ್ಡ ನಿರ್ಧಾರವೂ ಆಯ್ತು: ಕೈಬರಹದ ಪಹಣಿ ರದ್ದು. ಕಂಪ್ಯೂಟರ್‌ನಿಂದ ಬಂದದ್ದೇ ಅಧಿಕೃತ. ಲಂಚ ತಡೆಯೋಕೆ ಇದು ಬೇಕಿತ್ತು, ಎರಡು ಪುಸ್ತಕ ಇದ್ರೆ ಜನ ಹಳೇ ದಾರಿಯನ್ನೇ ಹಿಡೀತಿದ್ರು. ಆದರೆ ಅವತ್ತಿನಿಂದ ಯಂತ್ರದ ಹೊಣೆ ಬೇರೆಯಾಯ್ತು. ಮುಂಚೆ ಕಂಪ್ಯೂಟರ್ ಕೆಟ್ರೆ ಪುಸ್ತಕ ಇತ್ತು. ಈಗ ಕಂಪ್ಯೂಟರೇ ಪುಸ್ತಕ.

ಆ ಪುಸ್ತಕ ಇರೋ ಜಾಗ ಯಾವುದು? ಏಪ್ರಿಲ್-ಮೇನಲ್ಲಿ 42-43 ಡಿಗ್ರಿ ಮುಟ್ಟೋ ಊರು, ಕಪ್ಪು ಮಣ್ಣಿನ ಧೂಳು, ಕಣ್ಣುಮುಚ್ಚಾಲೆ ಆಡೋ ಕರೆಂಟು. ಯುಪಿಎಸ್‌ನ ಸೀಸದ ಬ್ಯಾಟರಿ ಬಗ್ಗೆ ಒಂದು ಅಂದಾಜು ಸೂತ್ರ ಇದೆ: 25 ಡಿಗ್ರಿ ಮೇಲೆ ಪ್ರತಿ 8-10 ಡಿಗ್ರಿಗೆ ಅದರ ಆಯಸ್ಸು ಅರ್ಧ ಆಗತ್ತೆ. ತಣ್ಣನೆ ಊರಲ್ಲಿ ನಾಲ್ಕು ವರ್ಷ ಬರೋ ಬ್ಯಾಟರಿ, ಎಸಿ ಇಲ್ಲದ ಕೋಣೆಯಲ್ಲಿ ಅಷ್ಟು ಬರಲ್ಲ. ಸರ್ವರ್‌ಗೆ ಎರಡು ಪವರ್ ಸಪ್ಲೈ ಇರತ್ತೆ, ಒಂದು ಹೋದ್ರೆ ಇನ್ನೊಂದು ಎತ್ಕೊಳ್ಳತ್ತೆ, ಓಡ್ತಾ ಇರೋವಾಗಲೇ ಕೆಟ್ಟದ್ದನ್ನ ಕಿತ್ತು ಹೊಸದು ಹಾಕಬಹುದು. ಚೆನ್ನಾಗಿದೆ. ಆದರೆ ಎರಡೂ ವೈರು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದ್ರೆ? ನಗಬೇಡಿ, ಎಷ್ಟೋ ಆಫೀಸಿನಲ್ಲಿ ಹಾಗೇ ಇರತ್ತೆ.

ಡಿಸ್ಕ್ ವಿಷಯದಲ್ಲೂ ಒಂದು ತಮಾಷೆ ಇದೆ. ನಮ್ಮ ಜಿಲ್ಲೆಯ ಪ್ರಯೋಗಕ್ಕೆ ಮೂರು ವರ್ಷ ಮೊದಲು, 1988ರಲ್ಲಿ, ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅನ್ನೋ ಮೂವರು ರೇಡ್ ಬಗ್ಗೆ ಪ್ರಬಂಧ ಬರೆದರು. ಒಂದು ದುಬಾರಿ ಡಿಸ್ಕ್ ಬದಲು ಹಲವು ಅಗ್ಗದ ಡಿಸ್ಕ್ ಸೇರಿಸಿ, ಒಂದು ಸತ್ರೂ ಮಾಹಿತಿ ಉಳಿಯೋ ಹಾಗೆ ಮಾಡೋದು. ಆಮೇಲೆ 2013ರಲ್ಲಿ ಬ್ಯಾಕ್‌ಬ್ಲೇಜ್ ಕಂಪನಿ ತನ್ನ ಡ್ರೈವ್‌ಗಳ ಲೆಕ್ಕ ಬಿಚ್ಚಿಟ್ಟಿತು: ಸಾಮಾನ್ಯ ಡ್ರೈವ್ ಕೆಡೋದು ವರ್ಷಕ್ಕೆ 4.2%, ಎಂಟರ್‌ಪ್ರೈಸ್ ಡ್ರೈವ್ 4.6%. ಅವರ ಹತ್ರ ಇದ್ದ ಎಂಟರ್‌ಪ್ರೈಸ್ ಡ್ರೈವ್‌ಗಳ ಸಂಖ್ಯೆ ಕಡಿಮೆ ಇತ್ತು, ಅದಕ್ಕೆ ಅದೇ ಕೊನೇ ಮಾತಲ್ಲ. ಆದ್ರೂ ಲೇಬಲ್ ನೋಡಿ ಕಣ್ಣುಮುಚ್ಚಿ ದುಡ್ಡು ಕೊಡೋರು ಒಮ್ಮೆ ಯೋಚಿಸಲಿ. ಹಾಗೇ ರೇಡ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ಯಾರೋ ತಪ್ಪಿ ಅಳಿಸಿದ್ರೆ ರೇಡ್ ಆ ಅಳಿಸಿದ್ದನ್ನೂ ಅಷ್ಟೇ ಶ್ರದ್ಧೆಯಿಂದ ಎರಡೂ ಡಿಸ್ಕ್‌ನಲ್ಲಿ ಅಳಿಸತ್ತೆ.

ವಾರಂಟಿ ಕಾಗದದಲ್ಲಿ "4 ಗಂಟೆಯಲ್ಲಿ ಸ್ಥಳಕ್ಕೆ ಬರ್ತೀವಿ" ಅಂತ ಇರತ್ತೆ. ಯಾವ ಸ್ಥಳಕ್ಕೆ? ಜೇವರ್ಗಿ, ಆಳಂದ ಎರಡೂ ಕಲಬುರಗಿಯಿಂದ ಸುಮಾರು 40 ಕಿ.ಮೀ., ಅಫಜಲಪುರ ಇನ್ನೂ ದೂರ. ಬಿಡಿಭಾಗ ಕಲಬುರಗಿಯಲ್ಲೇ ಸ್ಟಾಕ್ ಇದ್ರೆ ಮಧ್ಯಾಹ್ನಕ್ಕೆ ಕೆಲಸ ಮುಗೀತು. ಬೆಂಗಳೂರಿಂದ ಬರಬೇಕಂದ್ರೆ ಮಾರನೇ ದಿನಾನೂ ಗ್ಯಾರಂಟಿ ಇಲ್ಲ. ನಮ್ಮ ಕಡೆ ಸರ್ವರ್ ಕೊಳ್ಳೋರು ಬ್ರ್ಯಾಂಡ್‌ಗಿಂತ ಮೊದಲು ಇದನ್ನ ಕೇಳಬೇಕು ಅಂತ ನಾನು ಖಡಾಖಂಡಿತ ಹೇಳ್ತೀನಿ.

ಮುಂದೆ ನೆಟ್‌ವರ್ಕ್ ಬಂತು, ತಾಲೂಕುಗಳ ದಾಖಲೆ ಬೆಂಗಳೂರಿನ ಡೇಟಾ ಸೆಂಟರ್ ಸೇರಿತು. ಇವತ್ತು ಫೋನಲ್ಲೇ ಪಹಣಿ ನೋಡ್ತೀರಿ, ಅದು ಅಲ್ಲಿಂದ ಬರ್ತಾ ಇರೋದು. ಅಲ್ಲಿ ಎಸಿ ಇದೆ, ಜನರೇಟರ್ ಇದೆ, ಹಗಲು ರಾತ್ರಿ ಕಾಯೋರಿದ್ದಾರೆ. ಆಳಂದದ ಹಿಂದಿನ ಕೋಣೆಗೆ ಹೋಲಿಸಿದ್ರೆ ಅದು ಸಾವಿರ ಪಾಲು ಮೇಲು, ಅನುಮಾನ ಇಲ್ಲ. ಆದರೆ ಮುಂಚೆ ಆಳಂದದ ಯಂತ್ರ ಕೆಟ್ರೆ ಆಳಂದ ಮಾತ್ರ ನಿಲ್ತಿತ್ತು, ಜೇವರ್ಗಿಯಲ್ಲಿ ಪಹಣಿ ಸಿಗ್ತಿತ್ತು. ಈಗ ಅಲ್ಲಿ ಕೆಮ್ಮಿದ್ರೆ ಇಲ್ಲಿ ಮೂರೂ ತಾಲೂಕಿಗೆ ಜ್ವರ. ಅಲ್ಲಿ ಎಲ್ಲಾ ಸರಿ ಇದ್ರೂ ಮಧ್ಯದ ಕೇಬಲ್ ತುಂಡಾದ್ರೆ, ಕೌಂಟರ್‌ನ ಪ್ರಿಂಟರ್ ಕೆಟ್ರೆ, ರೈತನಿಗೆ ಕೇಳಿಸೋದು ಅದೇ ಒಂದು ಮಾತು: ಸರ್ವರ್ ಡೌನ್.

ಈಗ ಇದೇ ಪ್ರಶ್ನೆ ಇನ್ನೂ ಕೆಳಗೆ ಇಳಿದಿದೆ. ಕೇಂದ್ರ ಸರ್ಕಾರ 2022ರಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ತೊಗರಿಗೆ ಸಾಲ ಕೊಡೋ ಊರಿನ ಸೊಸೈಟಿ ಲೆಕ್ಕವೂ ಇನ್ನು ಕಂಪ್ಯೂಟರ್‌ನಲ್ಲಿ. ನಿಮ್ಮೂರಿನ ಸೊಸೈಟಿಯ ಸರ್ವಸದಸ್ಯರ ಸಭೆಗೆ ಹೋದಾಗ ಡಿವಿಡೆಂಡ್ ಎಷ್ಟು ಅಂತ ಕೇಳೋ ಜೊತೆಗೆ ಇನ್ನೆರಡು ಕೇಳಿ. ಯುಪಿಎಸ್ ಬ್ಯಾಟರಿ ಹಾಕಿ ಎಷ್ಟು ವರ್ಷ ಆಯ್ತು? ಬ್ಯಾಕಪ್‌ನಿಂದ ಲೆಕ್ಕ ವಾಪಸ್ ತೆಗೆದು ನೋಡಿದ್ದು ಕೊನೇ ಸಲ ಯಾವಾಗ?