ಗ್ವೆನ್ ಸ್ಟೇಸಿಯ ಸಾವು
‘ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್’, 121ನೇ ಸಂಚಿಕೆ, ಜೂನ್ 1973. ಕಥೆ: ಗೆರಿ ಕಾನ್ವೇ. ಚಿತ್ರ: ಗಿಲ್ ಕೇನ್.

ಖಳನಾಯಕ ಗ್ರೀನ್ ಗಾಬ್ಲಿನ್, ಸ್ಪೈಡರ್-ಮ್ಯಾನ್‌ನ ಪ್ರೇಯಸಿ ಗ್ವೆನ್‌ಳನ್ನು ಸೇತುವೆಯಿಂದ ಕೆಡವುತ್ತಾನೆ. (ಬರಹದಲ್ಲಿ ಅದು ಜಾರ್ಜ್ ವಾಷಿಂಗ್ಟನ್ ಸೇತುವೆ, ಚಿತ್ರದಲ್ಲಿರುವುದು ಮಾತ್ರ ಬ್ರೂಕ್ಲಿನ್ ಸೇತುವೆ!) ಸ್ಪೈಡರ್-ಮ್ಯಾನ್, ಅಂದರೆ ಪೀಟರ್ ಪಾರ್ಕರ್, ಎಸೆದ ಬಲೆಯ ಎಳೆ ಅವಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಆ ಚೌಕದಲ್ಲಿ ಕತ್ತಿನ ಪಕ್ಕದ ‘ಸ್ನ್ಯಾಪ್’ ಎಂಬ ಪುಟ್ಟ ಅಕ್ಷರಗಳನ್ನು ಗಮನಿಸಿ. ಉಳಿಸಿದೆನೆಂದು ಪೀಟರ್ ಬೀಗುತ್ತಾನೆ, ಮೇಲೆಳೆದುಕೊಂಡರೆ ಉಸಿರಿಲ್ಲ. ಬೀಳುವ ಆಘಾತಕ್ಕೇ ಸತ್ತಳೆಂದು ಗಾಬ್ಲಿನ್ ಹಂಗಿಸುತ್ತಾನೆ. ಆದರೆ 125ನೇ ಸಂಚಿಕೆಯ ಓದುಗರ ಪತ್ರಗಳ ಪುಟ, ಎಳೆ ಥಟ್ಟನೆ ತಡೆದ ಜಗ್ಗಿಗೇ ಅವಳು ಸತ್ತಳೆಂದು ಒಪ್ಪಿಕೊಂಡಿತು. ಹಿಡಿಯದಿದ್ದರೂ ಸಾವು, ಹಿಡಿದದ್ದರಿಂದಲೂ ಸಾವು: ನಾಯಕನನ್ನು ಇಷ್ಟು ನಿರ್ದಯವಾಗಿ ಕಟ್ಟಿಹಾಕಿದ ಕಾಮಿಕ್ಸ್ ಅಪರೂಪ.

ಮುಂದಿನ ಸಂಚಿಕೆಯಲ್ಲಿ ಗಾಬ್ಲಿನ್‌ನನ್ನು ಸಾಯಬಡಿಯುತ್ತಿದ್ದ ಪೀಟರ್ ತಾನೇ ಕೈ ತಡೆಯುತ್ತಾನೆ. ಗಾಬ್ಲಿನ್‌ಗೆ ಇರಿದದ್ದು ಅವನದೇ ಹಾರುವ ಗ್ಲೈಡರ್.