ಎರಿಭೂತ ಮತ್ತು ನೀರು: ಸೊಲ್ಲಾಪುರ ಸೀಮೆಯ ಒಂದು ಹಕ್ಕಿಯ ಚರಿತ್ರೆ

ಜೀವವೈವಿಧ್ಯದ ನಾಶ ಅಂದಕೂಡಲೇ ಅಮೆಜಾನ್ ಕಾಡು, ಹವಳದ ದಿಬ್ಬ ಅಂತ ಶುರು ಮಾಡುವುದು ರೂಢಿ. ನಾನು ಅಕ್ಕಲಕೋಟ ತಾಲ್ಲೂಕಿನವನು. ನಮ್ಮಲ್ಲಿ ಕಾಡೇ ಇಲ್ಲ. ಇರುವುದು ಎರಿ ಹೊಲ, ಮಾಳ. ಹಾಗಾಗಿ ಮಾಳದ ಹಕ್ಕಿಯೊಂದನ್ನೇ ಹಿಡಿದುಕೊಂಡು ಮಾತಾಡುತ್ತೇನೆ.

ಚಿಕ್ಕವನಿದ್ದಾಗ ಮುತ್ಯಾನ ಬಾಯಲ್ಲಿ 'ಎರಿಭೂತ' ಅನ್ನೋ ಮಾತು ಕೇಳಿದ್ದೆ. ದೆವ್ವ ಅಂತಲೇ ತಿಳಿದಿದ್ದೆ. ಕಾಲೇಜಿಗೆ ಬಂದ ಮೇಲೆ ಗೊತ್ತಾಯಿತು, ಅದು ಗ್ರೇಟ್ ಇಂಡಿಯನ್ ಬಸ್ಟರ್ಡ್. ಕನ್ನಡ ಪುಸ್ತಕಗಳಲ್ಲಿ ಹೆಬ್ಬಕ, ದೊರವಾಯನ ಹಕ್ಕಿ, ಮರಾಠಿಯಲ್ಲಿ ಮಾಳಢೋಕ, ಆದವಾನಿ, ಕರ್ನೂಲು ಕಡೆಯ ತೆಲುಗಿನಲ್ಲಿ ಬಟ್ಟಮೇಕ. ಒಂದು ಹಕ್ಕಿಗೆ ಗಡಿಯ ಎರಡೂ ಬದಿ ಇಷ್ಟು ಹೆಸರಿವೆ ಅಂದರೆ ಒಂದು ಕಾಲಕ್ಕೆ ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು ಅಂತಲೇ ಅರ್ಥ. ಸುಮಾರು ಒಂದು ಮೀಟರ್ ಎತ್ತರ, ಗಂಡು 15 ಕಿಲೋವರೆಗೆ ತೂಗುತ್ತದೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುವುದು, ಅದೂ ಬರಿ ನೆಲದ ಮೇಲೆ. ಈ ಕೊನೆಯ ಮಾತು ನೆನಪಿರಲಿ.

1969ರಲ್ಲಿ ದೇಶದಲ್ಲಿ ಸುಮಾರು 1,260 ಹಕ್ಕಿ ಇರಬಹುದೆಂಬ ಅಂದಾಜಿತ್ತು. 2011ರಲ್ಲಿ ಐಯುಸಿಎನ್ ಇದನ್ನು ಅಳಿವಿನ ತುತ್ತತುದಿಯ ಪಟ್ಟಿಗೆ ಸೇರಿಸುವ ಹೊತ್ತಿಗೆ ಉಳಿದದ್ದು 250ರ ಆಸುಪಾಸು. ಬೇಟೆ ಒಂದು ಕಾರಣ, ಸರಿ. ಆದರೆ 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಷೇಧವಾದ ಮೇಲೂ ಯಾಕೆ ಇಳಿಯಿತು? ನನ್ನ ಪ್ರಶ್ನೆ ಇಲ್ಲಿಂದಲೇ.

ಅದೇ 1972ರಲ್ಲಿ ನಮ್ಮ ಕಡೆ ದೊಡ್ಡ ಬರ. ಬರದ ಯೋಜನೆಯಡಿ ಸೊಲ್ಲಾಪುರದ ಹತ್ತಿರ ನಾನ್ನಜದಲ್ಲಿ ಹುಲ್ಲಿಗೆಂದು ಕಾಯ್ದಿಟ್ಟ ತುಂಡು ನೆಲಗಳು ಈ ಹಕ್ಕಿಗೆ ಆಸರೆಯಾದವು. 1979ರಲ್ಲಿ ಮಾಳಢೋಕ ಅಭಯಾರಣ್ಯ ಘೋಷಣೆಯಾಯಿತು. ಮರುವರ್ಷ, 1980ರಲ್ಲಿ, ಭೀಮಾ ನದಿಯ ಉಜನಿ ಅಣೆಕಟ್ಟು ಮುಗಿಯಿತು. ಒಂದೇ ಜಿಲ್ಲೆ, ಒಂದೇ ಸರ್ಕಾರ: ಒಂದು ಇಲಾಖೆಗೆ ಒಣ ಮಾಳ ಬೇಕು, ಇನ್ನೊಂದು ಇಲಾಖೆ ಕಾಲುವೆ ಹರಿಸುತ್ತಿದೆ. ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ಓದದಿದ್ದರೆ ನಾನ್ನಜದ ಕಥೆ ತಿಳಿಯೋದಿಲ್ಲ ಅಂತ ನನಗನಿಸುತ್ತದೆ.

ಹಿಂಗಾರಿ ಜೋಳದ ಹೊಲ ಈ ಹಕ್ಕಿಗೆ ವೈರಿ ಆಗಿರಲಿಲ್ಲ. ಅಲ್ಲಿ ಮಿಡತೆ ಸಿಗುತ್ತಿತ್ತು, ದೂರದವರೆಗೆ ಕಣ್ಣು ಹಾಯುತ್ತಿತ್ತು. ಕಬ್ಬು ಬಂದಾಗ ಎರಡೂ ಹೋದವು. ಕಬ್ಬಿನ ಗದ್ದೆ ಇದರ ಪಾಲಿಗೆ ಗೋಡೆ ಇದ್ದಂಗ. ಮಾಳದ ಕಥೆ ಬೇರೆ. ಕಂದಾಯದ ಕಾಗದದಲ್ಲಿ ಅದು ಬಂಜರು, ಅಂದರೆ ಗಿಡ ನೆಡಲು ಖಾಲಿ ಜಾಗ. ಕರ್ನಾಟಕದ ರಾಣೆಬೆನ್ನೂರಿನಲ್ಲೂ ಇದೇ ಆಯಿತು. ನೀಲಗಿರಿ ನೆಡುತೋಪು ಬಂತು, ಎರಿಭೂತ ಹೋಯಿತು. ಮರ ನೆಟ್ಟು ಹಕ್ಕಿ ಕಳಕೊಂಡೆವು ಅಂದರೆ ಹೊರಗಿನವರು ನಂಬೋದಿಲ್ಲ.

ಚರ್ಚೆಯಲ್ಲಿ ಮೇಡಂ ಒಬ್ಬರು ಕೇಳಿದರು: "ಹಂಗಾದರೆ ಕಬ್ಬು ಹಚ್ಚಿದ ರೈತನೇ ಅಪರಾಧಿ ಅಂತೀರೇನು?" ಇಲ್ಲ ಮೇಡಂ. ನನ್ನ ಫೀಸು ಕಟ್ಟಿದ್ದೂ ಕಬ್ಬೇ. ಅಭಯಾರಣ್ಯವನ್ನು ಹೇಗೆ ಮಾಡಿದರು ನೋಡಿ. ಕಾಗದದ ಮೇಲೆ ಸುಮಾರು 8,496 ಚದರ ಕಿಲೋಮೀಟರ್. ಅದರೊಳಗೆ ಊರು, ಪೇಟೆ, ಜನರ ಸ್ವಂತ ಹೊಲ ಎಲ್ಲಾ ಬಂದವು. ಹೊಲ ಮಾರಲು ತೊಡಕಾದಾಗ ಜನ ಸಿಟ್ಟಾದದ್ದು ಹಕ್ಕಿಯ ಮೇಲೆ. ಮುಂದೆ ಅದನ್ನು ಸುಮಾರು 1,222ಕ್ಕೆ ಇಳಿಸಬೇಕಾಯಿತು. ಮಧ್ಯಪ್ರದೇಶದ ಕರೇರಾದಲ್ಲೂ ಇಂಥದೇ ಸಿಟ್ಟು ಬೆಳೆಯಿತು, 1990ರ ದಶಕದಲ್ಲಿ ಅಲ್ಲಿ ಹಕ್ಕಿಯೇ ಇಲ್ಲವಾಯಿತು. ಇದಕ್ಕೆ ತದ್ವಿರುದ್ಧ ರೋಳ್ಳಪಾಡು: 1988ರಲ್ಲಿ ಕರ್ನೂಲು ಜಿಲ್ಲೆಯಲ್ಲಿ ಮಾಡಿದ್ದು, ಬರೀ ಆರು ಚದರ ಕಿಲೋಮೀಟರ್ ಚಿಲ್ಲರೆ. ಮೈಲುಗಟ್ಟಲೆ ತಿರುಗುವ ಹಕ್ಕಿಗೆ ಅದು ಯಾವ ಮೂಲೆಗೆ ಸಾಲುತ್ತದೆ?

ಈಗಿನ ದೊಡ್ಡ ಕಂಟಕ ವಿದ್ಯುತ್ ತಂತಿ. ಇದರ ಕಣ್ಣು ತಲೆಯ ಪಕ್ಕಕ್ಕಿವೆ, ಮುಂದಿನದು ಸರಿಯಾಗಿ ಕಾಣದು. ಭಾರದ ಮೈ, ಗಕ್ಕನೆ ತಿರುಗಲೂ ಆಗದು. 2021ರಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದಡಿ ಹಾಕಲು ಹೇಳಿತು, 2024ರಲ್ಲಿ ಸೌರವಿದ್ಯುತ್ತಿನ ಅಗತ್ಯ ನೋಡಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಬಿಟ್ಟಿತು. ಆ ಆದೇಶ ಇದ್ದದ್ದು ರಾಜಸ್ಥಾನ, ಗುಜರಾತಿಗೆ, ನಮ್ಮ ದಖನಿಗಲ್ಲ. ಜೈಸಲ್ಮೇರಿನ ಸಾಕಣೆ ಕೇಂದ್ರದಲ್ಲಿ 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. ಸಂತೋಷವೇ. ಆದರೆ ನಾಳೆ ಆ ಮರಿಗಳನ್ನು ಬಿಡೋದು ಎಲ್ಲಿ?

ಈ ಪ್ರಬಂಧಕ್ಕಾಗಿ ಅಪ್ಪನನ್ನು ಕರಕೊಂಡು ನಾನ್ನಜಕ್ಕೆ ಹೋಗಿದ್ದೆ. ಇಡೀ ಮುಂಜಾನೆ ಕೂತೆವು. ಚಿಗರಿ ಹಿಂಡು ಕಂಡಿತು, ಒಂದು ತೋಳವೂ ಹಾದುಹೋಯಿತು. ವಾಪಸ್ ಬರುವಾಗ ಅಪ್ಪ ಕೇಳಿದ: "ಅದರ ದನಿ ಹೆಂಗಿರ್ತದೋ?" ಗಂಡು ಹಕ್ಕಿ ದೂರಕ್ಕೆ ಕೇಳುವ ಹಾಗೆ ಹೂಂಕರಿಸುತ್ತದೆ ಅಂತ ಓದಿದ್ದನ್ನು ಹೇಳಿದೆ. "ನಿಮ್ಮ ಮುತ್ಯಾ ಅನ್ನಕೋತ ತೋರಸ್ತಿದ್ದ," ಅಂದ ಅಪ್ಪ. "ಈಗ ನನಗ ಬರೂದಿಲ್ಲ."